ಕಾರಿನ ಕಿವಿಗೆ ಕಾನೂನಿನ ಬೀಗ

ರಸ್ತೆಯಲ್ಲಿ ಕಾರೊಂದನ್ನು ತಡೆದು ನಿಲ್ಲಿಸುವ ಪೊಲೀಸರು ಏನೇನು ಪರಿಶೀಲಿಸುತ್ತಾರೆ? ಚಾಲನಾ ಪರವಾನಗಿ, ನೋಂದಣಿ ಪತ್ರ, ವಿಮೆ, ದೀಪ, ಬ್ರೇಕು. ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ. ಆದರೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಹನ ಕಾನೂನಿನಲ್ಲಿ 397ನೆಯ ಕಲಮು ಎಂಬುದೊಂದಿದೆ. ಪೊಲೀಸರ ಬಳಕೆಗೆ ಮೀಸಲಾದ ಆವೃತ್ತಿಗಳನ್ನು ಹಿಡಿಯಬಲ್ಲ ರೇಡಿಯೋ ಗ್ರಾಹಕವನ್ನು ಅನುಮತಿಯಿಲ್ಲದೆ ಕಾರಿಗೆ ಅಳವಡಿಸಿಕೊಂಡರೆ ಅದು ಅಪರಾಧ ಎನ್ನುತ್ತದೆ ಆ ಕಲಮು. ಒಂದು ಸಾವಿರ ಡಾಲರ್‌ವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಅಂಶವೊಂದಿದೆ. ಶಿಕ್ಷೆ ಇರುವುದು ಆ ರೇಡಿಯೋದಿಂದ ಯಾರಿಗೋ ಸಂದೇಶ ಕಳುಹಿಸಿದ್ದಕ್ಕಲ್ಲ. ಕದ್ದು ಕೇಳಿದ್ದನ್ನು ಯಾರಿಗಾದರೂ ಹೇಳಿದ್ದಕ್ಕೂ ಅಲ್ಲ. ಕೇಳಬಲ್ಲ ಪೆಟ್ಟಿಗೆಯನ್ನು ಕಾರಿನಲ್ಲಿ ಕೂರಿಸಿದ್ದೇ ಸಾಕು. ಅದೇ ಪೆಟ್ಟಿಗೆ ಮನೆಯ ಮೇಜಿನ ಮೇಲಿದ್ದರೆ ಈ ಕಲಮು ಅದರ ತಂಟೆಗೆ ಹೋಗುವುದಿಲ್ಲ! ಮನೆಯಲ್ಲಿ ಸಲ್ಲುವ ರೇಡಿಯೋ ಕಾರಿನಲ್ಲಿ ಸಲ್ಲದು ಏಕೆ? ಇಂತಹ ಕಾನೂನು ಹುಟ್ಟಿದ್ದಾದರೂ ಹೇಗೆ? ಇದಕ್ಕೆ ಉತ್ತರ ಹುಡುಕಲು ಸುಮಾರು ನೂರು ವರ್ಷ ಹಿಂದಕ್ಕೆ, ಕಾರುಗಳ ತವರೂರಾದ ಡೆಟ್ರಾಯಿಟ್ ನಗರಕ್ಕೆ ಹೋಗಬೇಕು.

ಕಳ್ಳರ ಕೈಗೂ ಬಂದ ಕಾರು

1920ರ ದಶಕದಲ್ಲಿ ಅಮೆರಿಕದಲ್ಲಿ ಕಾರು ಶ್ರೀಮಂತರ ಸೊತ್ತಾಗಿ ಉಳಿದಿರಲಿಲ್ಲ. ಸಾಮಾನ್ಯರ ಕೈಗೆ ಬಂದ ಕಾರು ಕಳ್ಳರ ಕೈಗೂ ಬಂತು. ಬ್ಯಾಂಕ್ ದೋಚಿ ಕಾರಿನಲ್ಲಿ ಪರಾರಿಯಾಗುವವರನ್ನು ಹಿಡಿಯಲು ಪೊಲೀಸರ ಬಳಿಯೂ ಕಾರುಗಳಿದ್ದವು. ಆದರೆ ಗಸ್ತಿಗೆ ಹೊರಟ ಕಾರಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ಪೊಲೀಸರು ಆಗಾಗ ರಸ್ತೆಬದಿಯ ದೂರವಾಣಿ ಪೆಟ್ಟಿಗೆಯ ಬಳಿ ಕಾರು ನಿಲ್ಲಿಸಿ ಠಾಣೆಗೆ ಕರೆ ಮಾಡಬೇಕಾಗಿತ್ತು. ಅಷ್ಟರಲ್ಲಿ ಕಳ್ಳರು ಊರು ದಾಟಿರುತ್ತಿದ್ದರು.

ಡೆಟ್ರಾಯಿಟ್ ಪೊಲೀಸರು ಇದಕ್ಕೆ ರೇಡಿಯೋದಲ್ಲಿ ಪರಿಹಾರ ಕಂಡುಕೊಳ್ಳಲು ಹೊರಟರು. 1922ರಲ್ಲಿ ಅವರಿಗೆ ಕೆಓಪಿ ಎಂಬ ಹೆಸರಿನ ಪ್ರಸಾರ ಕೇಂದ್ರಕ್ಕೆ ಪರವಾನಗಿ ಸಿಕ್ಕಿತು. ಆದರೆ ಅದು ಮನರಂಜನಾ ಕೇಂದ್ರದ ಪರವಾನಗಿ! ಪೊಲೀಸರಿಗೆಂದೇ ಪ್ರತ್ಯೇಕ ವರ್ಗ ಆಗಿನ್ನೂ ಇರಲಿಲ್ಲ. ಹಾಗಾಗಿ ಸಂಗೀತ ಮುಂತಾದ ಕಾರ್ಯಕ್ರಮಗಳ ನಡುವೆ ಕಳುವಾದ ಕಾರುಗಳ ಸಂಖ್ಯೆಯನ್ನು ಓದಬೇಕಾಗಿತ್ತು. ಕಳ್ಳನನ್ನು ಹಿಡಿಯುವ ಮೊದಲು ಪಿಟೀಲು ಬಾರಿಸಬೇಕೇ ಎಂದು ಪೊಲೀಸ್ ಕಮಿಷನರ್ ವಿಲಿಯಂ ರಟ್ಲೆಜ್ ಸಿಡಿಮಿಡಿಗೊಂಡಿದ್ದರಂತೆ.

ಕಾನೂನಿನ ತೊಡಕಿಗಿಂತ ದೊಡ್ಡದು ತಾಂತ್ರಿಕ ತೊಡಕು. ಠಾಣೆಯಿಂದ ಪ್ರಸಾರ ಮಾಡುವುದು ಸುಲಭ. ಓಡುವ ಕಾರಿನಲ್ಲಿ ಅದನ್ನು ಕೇಳಿಸಿಕೊಳ್ಳುವುದು ಕಷ್ಟ. ಅಂದಿನ ರೇಡಿಯೋಗಳಲ್ಲಿ ಟ್ರಾನ್ಸಿಸ್ಟರ್ ಇರಲಿಲ್ಲ, ಗಾಜಿನ ನಿರ್ವಾತ ಕೊಳವೆಗಳಿದ್ದವು. ಕಲ್ಲುರಸ್ತೆಯ ಕುಲುಕಾಟಕ್ಕೆ ಅವು ಅದುರುತ್ತಿದ್ದವು, ಹಿಡಿದ ಕೇಂದ್ರ ಜಾರಿಹೋಗುತ್ತಿತ್ತು. ಪೊಲೀಸ್ ಪೇದೆ ಕೆನೆತ್ ಕಾಕ್ಸ್ ಮತ್ತು ತರುಣ ತಂತ್ರಜ್ಞ ರಾಬರ್ಟ್ ಬ್ಯಾಟ್ಸ್ ಸೇರಿ ಕುಲುಕಾಟಕ್ಕೆ ಜಗ್ಗದ ಗ್ರಾಹಕವೊಂದನ್ನು ರೂಪಿಸಿದರು. 1928ರ ಏಪ್ರಿಲ್ 7ರಂದು ಡೆಟ್ರಾಯಿಟ್ ಪೊಲೀಸರ ಹೊಸ ಕೇಂದ್ರ ಕೆಲಸ ಆರಂಭಿಸಿತು. ಗಸ್ತು ಕಾರುಗಳಿಗೆ ನಿಯಮಿತವಾಗಿ ರೇಡಿಯೋ ಸಂದೇಶ ತಲುಪಿಸುವಲ್ಲಿ ಯಶಸ್ವಿಯಾದ ಮೊದಲ ಪೊಲೀಸ್ ಇಲಾಖೆ ಇದೇ. ಮರುವರ್ಷವೇ ಕ್ಲೀವ್‌ಲ್ಯಾಂಡ್ ಮತ್ತು ಇಂಡಿಯಾನಾಪೊಲಿಸ್ ನಗರಗಳೂ ಇದೇ ದಾರಿ ಹಿಡಿದವು.

ಈ ವ್ಯವಸ್ಥೆ ಏಕಮುಖವಾಗಿತ್ತು. ಠಾಣೆ ಹೇಳಬೇಕು, ಕಾರು ಕೇಳಬೇಕು. ಉತ್ತರ ಕೊಡಬೇಕಿದ್ದರೆ ಮತ್ತೆ ದೂರವಾಣಿಯನ್ನೇ ಹುಡುಕಿಕೊಂಡು ಹೋಗಬೇಕು. ಕಾರಿನಿಂದಲೂ ಮಾತನಾಡಬಲ್ಲ ದ್ವಿಮುಖ ವ್ಯವಸ್ಥೆ ಬಂದದ್ದು 1933ರಲ್ಲಿ, ನ್ಯೂಜೆರ್ಸಿ ರಾಜ್ಯದ ಬೇಯಾನ್ ಎಂಬ ಪುಟ್ಟ ನಗರದಲ್ಲಿ.

ಡಯಲಿನ ತುದಿಯಲ್ಲಿದ್ದ ಪೊಲೀಸರು

ಪೊಲೀಸರಿಗೆ ಯಾವ ಆವೃತ್ತಿಗಳನ್ನು ಕೊಟ್ಟರು ಎಂಬುದರಲ್ಲೇ ನಮ್ಮ ಕಥೆಯ ಗಂಟು ಅಡಗಿದೆ. ಅದನ್ನು ಬಿಡಿಸಲು ಶಾಲೆಯಲ್ಲಿ ಕಲಿತ ಒಂದು ಸಣ್ಣ ಲೆಕ್ಕ ಸಾಕು. ರೇಡಿಯೋ ತರಂಗಗಳು ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ವೇಗದಲ್ಲಿ ಚಲಿಸುತ್ತವೆ. ಆದ್ದರಿಂದ 300 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಮೀಟರುಗಳಲ್ಲಿ ಸಿಗುತ್ತದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿ 612 ಕಿಲೋಹರ್ಟ್ಸ್, ಎಂದರೆ 0.612 ಮೆಗಾಹರ್ಟ್ಸ್. ಲೆಕ್ಕ ಹಾಕಿದರೆ ತರಂಗದೂರ ಸುಮಾರು 490 ಮೀಟರ್. ನೂರು ಮೆಗಾಹರ್ಟ್ಸ್‌ನ ಎಫ್.ಎಂ. ಕೇಂದ್ರದ್ದು ಬರೀ 3 ಮೀಟರ್.

ಅಂದಿನ ಮನೆ ರೇಡಿಯೋಗಳ ಡಯಲ್ ಸುಮಾರು 1500 ಕಿಲೋಹರ್ಟ್ಸ್‌ಗೆ ಮುಗಿಯುತ್ತಿತ್ತು. ಅದರಾಚೆ, ಇನ್ನೂರು ಮೀಟರಿಗಿಂತ ಕಡಿಮೆ ತರಂಗದೂರವಿದ್ದುದನ್ನೆಲ್ಲ ಆಗ ಒಟ್ಟಾಗಿ ಶಾರ್ಟ್‌ವೇವ್ ಎಂದೇ ಕರೆಯುತ್ತಿದ್ದರು. (ಇಂದು ಈ ಹೆಸರು 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಸಲ್ಲುತ್ತದೆ.) ಪೊಲೀಸರಿಗೆ ಕೊಟ್ಟ ಜಾಗ ಈ ಶಾರ್ಟ್‌ವೇವ್‌ನ ಹೊಸ್ತಿಲಲ್ಲೇ ಇತ್ತು: ಕೆಲವು 1.7 ಮೆಗಾಹರ್ಟ್ಸ್‌ನ ಸುತ್ತಮುತ್ತ, ಮತ್ತೆ ಕೆಲವು 2.4 ಮೆಗಾಹರ್ಟ್ಸ್‌ನ ಆಸುಪಾಸು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಮನೆಯ ರೇಡಿಯೋದ ಡಯಲನ್ನು ತುದಿಯವರೆಗೆ ತಿರುಗಿಸಿದರೆ, ಅಥವಾ ಒಳಗಿನ ಒಂದೆರಡು ತಿರುಪುಗಳನ್ನು ಸ್ವಲ್ಪ ಸಡಿಲಿಸಿದರೆ, 1.7 ಮೆಗಾಹರ್ಟ್ಸ್‌ನ ಪೊಲೀಸ್ ಕರೆಗಳು ಕೇಳಿಸತೊಡಗಿದವು. ಜನರಿಗೆ ಇದು ಹೊಸ ಮೋಜಾಯಿತು. ರೇಡಿಯೋ ತಯಾರಕರೂ ಹಿಂದೆ ಬೀಳಲಿಲ್ಲ. 1930ರ ದಶಕದ ಅನೇಕ ಅಮೆರಿಕನ್ ರೇಡಿಯೋಗಳ ಡಯಲಿನ ಮೇಲೆ ಊರುಗಳ ಹೆಸರಿನ ಜೊತೆಗೆ ‘ಪೊಲೀಸ್’ ಎಂದೇ ಅಚ್ಚು ಹಾಕಿರುತ್ತಿತ್ತು. ರಾತ್ರಿ ಊಟದ ನಂತರ ಕುಟುಂಬದವರೆಲ್ಲ ಕುಳಿತು ಯಾವ ಬೀದಿಯಲ್ಲಿ ಕಳ್ಳತನವಾಯಿತು ಎಂದು ಕೇಳಬಹುದಾಗಿತ್ತು.

ರಾತ್ರಿಯಾದರೆ ಇನ್ನೊಂದು ವಿಶೇಷ. ಭೂಮಿಯಿಂದ ಸುಮಾರು 60 ಕಿ.ಮೀ. ಎತ್ತರದಿಂದ ಆರಂಭವಾಗುವ ಅಯಾನುಗೋಳದಲ್ಲಿ ಹಲವು ಪದರಗಳಿವೆ. ಹಗಲಿನಲ್ಲಿ ಕೆಳಗಿನ ಪದರ ಇಂತಹ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗಿ, ತರಂಗಗಳು ಇನ್ನೂ ಮೇಲಿನ ಪದರದವರೆಗೆ ಏರಿ, ಅಲ್ಲಿಂದ ಬಾಗಿ ನೂರಾರು ಕಿಲೋಮೀಟರ್ ದೂರದಲ್ಲಿ ಭೂಮಿಗೆ ಮರಳುತ್ತವೆ. ಹೀಗಾಗಿ ಒಂದು ನಗರದ ಪೊಲೀಸರ ಮಾತು ಇನ್ನೊಂದು ರಾಜ್ಯದಲ್ಲೂ ಕೇಳಿಸುತ್ತಿತ್ತು. ಕಾನೂನಿಗೆ ಗಡಿಯುಂಟು, ತರಂಗಕ್ಕೆ ಅದೆಲ್ಲಿಯ ಗಡಿ?

ಕಾರಿಗೂ ಬಂತು ರೇಡಿಯೋ

ಇದೇ ಹೊತ್ತಿಗೆ ಜನಸಾಮಾನ್ಯರ ಕಾರಿಗೂ ರೇಡಿಯೋ ಬಂತು. ಶಿಕಾಗೋದ ಪಾಲ್ ಗಾಲ್ವಿನ್ ಎಂಬ ಉದ್ಯಮಿಯ ಕಂಪನಿ 1930ರಲ್ಲಿ ಮಾರುಕಟ್ಟೆಗೆ ತಂದ ಕಾರು ರೇಡಿಯೋಗೆ 110ರಿಂದ 130 ಡಾಲರ್ ಬೆಲೆ. ಓಡುವ ‘ಮೋಟಾರ್’ ಮತ್ತು ಅಂದಿನ ಜನಪ್ರಿಯ ಗಾನಯಂತ್ರಗಳ ಹೆಸರಿನ ಬಾಲವಾದ ‘ಓಲಾ’ ಎರಡನ್ನೂ ಕೂಡಿಸಿ ಗಾಲ್ವಿನ್ ಅದಕ್ಕೆ ‘ಮೋಟೊರೋಲಾ’ ಎಂದು ಹೆಸರಿಟ್ಟರು. ಮುಂದೆ ಮೊಬೈಲ್ ಫೋನುಗಳ ಮೂಲಕ ನಮ್ಮಲ್ಲೂ ಮನೆಮಾತಾದ ಹೆಸರು ಹುಟ್ಟಿದ್ದು ಹೀಗೆ, ಕಾರು ರೇಡಿಯೋದಿಂದ!

ಕಾರಿನಲ್ಲಿ ರೇಡಿಯೋ ಕೂರಿಸುವುದೇನೂ ಸುಲಭವಾಗಿರಲಿಲ್ಲ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ಒಂದು ಪುಟ್ಟ ರೇಡಿಯೋ ತರಂಗವೂ ಹೊರಡುತ್ತದೆ. ಮನೆಯಲ್ಲಿ ಮಧ್ಯಮ ತರಂಗದ ಕೇಂದ್ರ ಕೇಳುತ್ತಿರುವಾಗ ಬೀದಿಯಲ್ಲಿ ಹಳೆಯ ಸ್ಕೂಟರ್ ಹೋದರೆ ‘ಪರ್‍ರ್’ ಎಂಬ ಕರಕರೆ ಕೇಳಿಸುವುದು ಇದರಿಂದಲೇ. ಕಿಡಿಯ ಪಕ್ಕದಲ್ಲೇ ಕುಳಿತ ಕಾರು ರೇಡಿಯೋದ ಪಾಡು ಏನಾಗಿದ್ದೀತು! ಪ್ಲಗ್ಗಿನ ತಂತಿಗಳಿಗೆ ವಿಶೇಷ ರೋಧಕಗಳನ್ನು ಜೋಡಿಸಿ ಈ ಗದ್ದಲವನ್ನು ತಗ್ಗಿಸಬೇಕಾಯಿತು.

ಆಂಟೆನಾ ಇನ್ನೊಂದು ಸಮಸ್ಯೆ. ತರಂಗದೂರದ ಕಾಲು ಭಾಗದಷ್ಟು ಉದ್ದದ ಆಂಟೆನಾ ಚೆನ್ನಾಗಿ ಕೆಲಸ ಮಾಡುತ್ತದೆ. ಎಫ್.ಎಂ.ಗೆ ಮುಕ್ಕಾಲು ಮೀಟರ್ ಕಡ್ಡಿ ಸಾಕು. 2.4 ಮೆಗಾಹರ್ಟ್ಸ್‌ನ ತರಂಗದೂರ 125 ಮೀಟರ್. ಅದರ ಕಾಲು ಭಾಗ ಸುಮಾರು 31 ಮೀಟರ್! ಅಷ್ಟುದ್ದದ ಕಂಬ ಹೊತ್ತು ಕಾರು ಓಡುವುದುಂಟೇ? ಅಂದಿನ ಕಾರುಗಳ ಚಾವಣಿಯ ನಡುಭಾಗ ಬಟ್ಟೆಯದಾಗಿದ್ದುದರಿಂದ ಅದರಡಿಯಲ್ಲಿ ತಂತಿಯ ಬಲೆ ಹಾಸಿ ಅದನ್ನೇ ಆಂಟೆನಾ ಮಾಡಿಕೊಂಡರು. 1935ರ ಸುಮಾರಿಗೆ ಪೂರ್ತಿ ಉಕ್ಕಿನ ಚಾವಣಿ ಬಂದಾಗ ಆಂಟೆನಾ ಮೇಲಿನಿಂದ ಕಾರಿನ ಅಡಿಗೆ ಇಳಿಯಿತು.

ಚಾಲಕನ ಗಮನ ಚದುರುತ್ತದೆ, ಹಾಡು ಕೇಳುತ್ತಾ ನಿದ್ದೆ ಹೋದಾನು ಎಂಬ ಆತಂಕದಿಂದ ಕಾರು ರೇಡಿಯೋವನ್ನೇ ನಿಷೇಧಿಸಬೇಕೆಂಬ ಕೂಗು 1930ರ ಸುಮಾರಿಗೆ ಅಮೆರಿಕದ ಕೆಲವೆಡೆ ಎದ್ದಿತ್ತು. ಆ ಕೂಗು ನಿಲ್ಲಲಿಲ್ಲವಾದರೂ ಗೆಲ್ಲಲಿಲ್ಲ. ಗೆದ್ದದ್ದು ಇನ್ನೊಂದು ಆತಂಕ.

ಕೇಳುವ ಕಿವಿ, ಓಡುವ ಗಾಲಿ

ಮನೆಯಲ್ಲಿ ಕುಳಿತು ಪೊಲೀಸ್ ಕರೆ ಕೇಳುವವನಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಅದೇ ಕರೆ ಕಾರಿನಲ್ಲಿ ಕೇಳಿಸಿದರೆ? ದರೋಡೆಕೋರನಿಗೆ ಪೊಲೀಸರು ಯಾವ ರಸ್ತೆಯಲ್ಲಿ ಬರುತ್ತಿದ್ದಾರೆಂದು ತಿಳಿಯುತ್ತದೆ, ಅವನು ಬೇರೆ ರಸ್ತೆ ಹಿಡಿಯುತ್ತಾನೆ. ಅಪಘಾತದ ಸ್ಥಳಕ್ಕೆ ಆಂಬುಲೆನ್ಸ್‌ಗಿಂತ ಮೊದಲೇ ಕೆಟ್ಟ ಕಾರು ಎಳೆಯುವ ಗ್ಯಾರೇಜಿನವರು, ಮೊಕದ್ದಮೆ ಹುಡುಕುವ ವಕೀಲರು, ಬರಿಯ ಕುತೂಹಲಿಗಳು ಬಂದು ಮುತ್ತುತ್ತಾರೆ. ಕೇಳುವ ಕಿವಿಗೆ ಓಡುವ ಗಾಲಿ ಸೇರಿದಾಗಲೇ ಅಪಾಯ ಎಂಬುದು ಶಾಸಕರ ತರ್ಕ. ಮನೆಯ ರೇಡಿಯೋವನ್ನು ಬಿಟ್ಟು ಕಾರಿನ ರೇಡಿಯೋವನ್ನು ಮಾತ್ರ ಹಿಡಿದದ್ದು ಇದರಿಂದ.

ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ 1931ರ ದಂಡ ಸಂಹಿತೆಯಲ್ಲೇ ಇಂತಹ ಕಲಮು ಸೇರಿತು. ನ್ಯೂಯಾರ್ಕ್ ಮತ್ತಿತರ ರಾಜ್ಯಗಳೂ ಅದೇ ದಶಕದಲ್ಲಿ ಈ ಬಗೆಯ ಕಾನೂನು ಮಾಡಿದವು. 1934ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಸಂಪರ್ಕ ಕಾಯ್ದೆಯೊಂದನ್ನು ತಂದು, ಸಂಪರ್ಕ ವ್ಯವಸ್ಥೆಯ ಮೇಲ್ವಿಚಾರಣೆಗೆ ಎಫ್.ಸಿ.ಸಿ. ಎಂಬ ಆಯೋಗವನ್ನು ಸ್ಥಾಪಿಸಿತು. ಆ ಕಾಯ್ದೆಯ ದೃಷ್ಟಿ ಸ್ವಲ್ಪ ಬೇರೆ. ಇತರರಿಗಾಗಿ ಹೊರಟ ಸಂದೇಶವನ್ನು ನಡುವೆ ಹಿಡಿದು ಬಯಲು ಮಾಡುವುದು, ಅದರಿಂದ ಲಾಭ ಪಡೆಯುವುದು ತಪ್ಪು ಎಂದಿತು ಅದು. ಅಂದರೆ ಕೇಂದ್ರದ ಕಾಯ್ದೆ ಕೃತ್ಯವನ್ನು ನೋಡಿದರೆ, ರಾಜ್ಯಗಳ ಕಾನೂನು ಪೆಟ್ಟಿಗೆಯನ್ನು ನೋಡಿತು.

ಪೆಟ್ಟಿಗೆಯನ್ನೇ ನೋಡುವ ಕಾನೂನಿಗೆ ಒಂದು ತೊಡಕು ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ಚಾಕು ತರಕಾರಿಯನ್ನೂ ಹೆಚ್ಚುತ್ತದೆ, ಕೈಯನ್ನೂ ಕೊಯ್ಯುತ್ತದೆ. ಹಾಗೆಯೇ ಗ್ರಾಹಕಕ್ಕೆ ತಾನು ಹಿಡಿದ ತರಂಗ ಯಾರದೆಂದು ತಿಳಿಯದು. ಹಿಡಿಯಬಲ್ಲದು ಎಂಬುದೇ ತಪ್ಪಾದರೆ ಕಳ್ಳನ ರೇಡಿಯೋಗೂ ಸಜ್ಜನನ ರೇಡಿಯೋಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಹವ್ಯಾಸಿಗಳು ಸಿಕ್ಕಿಬಿದ್ದದ್ದು

ಈ ತೊಡಕು ಹೆಚ್ಚು ಕಾಡಿದ್ದು ಹ್ಯಾಮ್ ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೋ ಬಳಕೆದಾರರನ್ನು. ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಸ್ವಂತ ಪ್ರೇಷಕದಿಂದ ಪ್ರಪಂಚದ ಇತರ ಹವ್ಯಾಸಿಗಳೊಡನೆ ಮಾತನಾಡುವವರು ಇವರು. ಬಿರುಗಾಳಿ, ಪ್ರವಾಹ, ಭೂಕಂಪದಲ್ಲಿ ದೂರವಾಣಿ ಕಂಬಗಳು ಉರುಳಿದಾಗ ಕಾರಿನ ಬ್ಯಾಟರಿಯಿಂದಲೇ ಸೆಟ್ ನಡೆಸಿ ಸುದ್ದಿ ತಲುಪಿಸುವವರೂ ಇವರೇ. ಅವರ ಪಾಲಿಗೆ ಕಾರಿನಲ್ಲಿ ರೇಡಿಯೋ ಇರುವುದು ಶೋಕಿಯಲ್ಲ.

ನ್ಯೂಯಾರ್ಕಿನ ಕಾನೂನು ಹವ್ಯಾಸಿಗಳಿಗೆ ವಿನಾಯಿತಿಯನ್ನೇನೋ ಕೊಟ್ಟಿತ್ತು. ಆದರೆ ಹವ್ಯಾಸಿಗಳಿಗೇ ಮೀಸಲಾದ ಆವೃತ್ತಿಗಳ ಗ್ರಾಹಕಕ್ಕೆ ಮಾತ್ರ ಆ ವಿನಾಯಿತಿ. ಇಲ್ಲಿಯೇ ಎಡವಟ್ಟು. ಹವ್ಯಾಸಿಗಳ ಒಂದು ಪಟ್ಟಿ ಇರುವುದು 144ರಿಂದ 148 ಮೆಗಾಹರ್ಟ್ಸ್‌ನಲ್ಲಿ. ಪೊಲೀಸರ ಅನೇಕ ಆವೃತ್ತಿಗಳು 150ರಿಂದ ಮೇಲಕ್ಕೆ. ಅಂಗಡಿಯಲ್ಲಿ ಸಿಗುವ ಹವ್ಯಾಸಿ ಸೆಟ್ಟುಗಳಲ್ಲಿ ಬಹಳಷ್ಟು, ಪ್ರಸಾರವನ್ನು ತಮ್ಮ ಪಟ್ಟಿಯಲ್ಲಿ ಮಾತ್ರ ಮಾಡಿದರೂ, ಅಕ್ಕಪಕ್ಕದ್ದನ್ನೂ ಕೇಳಿಸಿಕೊಳ್ಳುತ್ತವೆ. ಹೀಗಾಗಿ ಒಂದು ರಾಜ್ಯದಲ್ಲಿ ನಿರಪರಾಧಿಯಾದ ಹವ್ಯಾಸಿ ಗಡಿ ದಾಟಿದೊಡನೆ ಅಪರಾಧಿಯಾಗುವ ಪರಿಸ್ಥಿತಿ ಬಂತು.

ಹವ್ಯಾಸಿಗಳ ಸಂಘ ಎಫ್.ಸಿ.ಸಿ.ಯ ಮೊರೆಹೊಕ್ಕಿತು. 1993ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಆದೇಶದಲ್ಲಿ ಆಯೋಗ ಹವ್ಯಾಸಿಗಳ ಪರ ನಿಂತಿತು. ಪೊಲೀಸ್ ಮುಂತಾದ ಆವೃತ್ತಿಗಳನ್ನು ಕೇಳಬಲ್ಲದು ಎಂಬ ಒಂದೇ ಕಾರಣಕ್ಕೆ ಪರವಾನಗಿ ಹೊಂದಿದ ಹವ್ಯಾಸಿಯ ಸೆಟ್ಟನ್ನು ಕಾರಿನಲ್ಲಾಗಲಿ ಬೇರೆಡೆಯಾಗಲಿ ಇಟ್ಟುಕೊಳ್ಳದಂತೆ ತಡೆಯುವ ರಾಜ್ಯ ಹಾಗೂ ಸ್ಥಳೀಯ ಕಾನೂನುಗಳು ನಡೆಯುವುದಿಲ್ಲ ಎಂದು ಸ್ಪಷ್ಟಪಡಿಸಿತು. ರಸ್ತೆ ರಾಜ್ಯದ್ದಾದರೂ ಅದರ ಮೇಲೆ ಹಾದುಹೋಗುವ ತರಂಗದ ಉಸ್ತುವಾರಿ ಕೇಂದ್ರದ್ದು ಎಂಬುದು ಇದರ ತಿರುಳು. ಮಿಷಿಗನ್ ರಾಜ್ಯ 2006ರಲ್ಲಿ ತನ್ನ ಹಳೆಯ ಕಲಮನ್ನೇ ಸಡಿಲಿಸಿ, ಸಾಮಾನ್ಯರನ್ನು ಬಿಟ್ಟು, ಅಪರಾಧ ಎಸಗಲು ಇಂತಹ ಗ್ರಾಹಕ ಬಳಸುವವರ ಕಡೆಗೆ ಬೆರಳು ತಿರುಗಿಸಿತು. ಪೆಟ್ಟಿಗೆಯಿಂದ ಕೃತ್ಯದ ಕಡೆಗೆ ಕಾನೂನು ಹೊರಳಿದ್ದು ಹೀಗೆ.

ನಮ್ಮ ದೇಶದಲ್ಲಿ ಕಾರಣವೇ ಬೇರೆ

ಭಾರತದಲ್ಲೂ ರೇಡಿಯೋ ಗ್ರಾಹಕಕ್ಕೆ ಕಾನೂನಿನ ಬೀಗವಿತ್ತು. ಆದರೆ ಕಾರಣ ಕಳ್ಳರಲ್ಲ, ಕಾಸು! 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತಾಗಳಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಪ್ರಸಾರ ಆರಂಭಿಸಿದಾಗ ಪ್ರತಿ ಕೇಳುಗನೂ ವರ್ಷಕ್ಕೆ 10 ರೂಪಾಯಿ ಕೊಟ್ಟು ಲೈಸೆನ್ಸ್ ಪಡೆಯಬೇಕಾಗಿತ್ತು. ಲೈಸೆನ್ಸ್ ಇಲ್ಲದೆ ಕೇಳುವವರು ಹೆಚ್ಚಾದರು. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಅವರನ್ನು ಸರಿಯಾಗಿ ಹಿಡಿಯಲು ಅವಕಾಶವಿರಲಿಲ್ಲ. ಆದ್ದರಿಂದ 1933ರಲ್ಲಿ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಬಂತು. ಇದರ ಪ್ರಕಾರ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣವನ್ನು ‘ಹೊಂದಿರುವುದೇ’ ಅಪರಾಧ. ಮೊದಲ ಸಲ ಸಿಕ್ಕಿಬಿದ್ದವರಿಗೆ 100 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 250 ರೂಪಾಯಿವರೆಗೆ ದಂಡ. ಮನೆಯಲ್ಲಿರಲಿ ಕಾರಿನಲ್ಲಿರಲಿ, ಕಾಯ್ದೆಯ ಕಣ್ಣಿಗೆ ರೇಡಿಯೋ ರೇಡಿಯೋವೇ.

ಅಂಚೆ ಕಚೇರಿಯ ಮುಂದೆ ಸಾಲಿನಲ್ಲಿ ನಿಂತು ರೇಡಿಯೋ ಲೈಸೆನ್ಸ್ ಪುಸ್ತಕವನ್ನು ನವೀಕರಿಸಿದ ನೆನಪು ಇಂದಿನ ಅಜ್ಜ ಅಜ್ಜಿಯರಿಗೆ ಇದ್ದೇ ಇರುತ್ತದೆ. 1980ರ ದಶಕದ ಮಧ್ಯಭಾಗದಲ್ಲಿ ಕೇಳುಗರ ಈ ಲೈಸೆನ್ಸ್ ರದ್ದಾಯಿತು. ಬ್ರಿಟನ್ನಿನಲ್ಲಿ ಕಾರಿನ ರೇಡಿಯೋಗೆಂದೇ ಪ್ರತ್ಯೇಕ ಲೈಸೆನ್ಸ್ ಬೇಕಿತ್ತು. ಅಲ್ಲಿ ರೇಡಿಯೋ ಲೈಸೆನ್ಸ್ ಪದ್ಧತಿ 1971ರ ಫೆಬ್ರವರಿಯಲ್ಲಿ ಕೊನೆಗೊಂಡಿತು. ಅಮೆರಿಕದಲ್ಲಿ ಕೇಳುಗನಿಗೆ ಶುಲ್ಕವೇ ಇರಲಿಲ್ಲ. ಒಂದೇ ಪೆಟ್ಟಿಗೆಯನ್ನು ಒಂದು ದೇಶ ಖಜಾನೆಯ ಕಣ್ಣಿನಿಂದ, ಇನ್ನೊಂದು ದೇಶ ಪೊಲೀಸ್ ಠಾಣೆಯ ಕಣ್ಣಿನಿಂದ ನೋಡಿತು.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವೈರ್‌ಲೆಸ್ ಮತ್ತು ಪ್ರಸಾರ ಕೇಂದ್ರದ ಪಟ್ಟಿಯಲ್ಲಿವೆ, ಪೊಲೀಸ್ ರಾಜ್ಯದ ಪಟ್ಟಿಯಲ್ಲಿದೆ. ಹಾಗಾಗಿ ಅಮೆರಿಕದಲ್ಲಿ ಆದಂತೆ ರಾಜ್ಯಕ್ಕೊಂದು ರೇಡಿಯೋ ಕಾನೂನು ಇಲ್ಲಿ ಬೆಳೆಯಲಿಲ್ಲ. 1995ರ ಫೆಬ್ರವರಿಯಲ್ಲಿ ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿತು. ರೇಡಿಯೋ ತರಂಗಗಳು ಸಾರ್ವಜನಿಕ ಸೊತ್ತು, ಮಾಹಿತಿ ಪಡೆಯುವ ಹಕ್ಕು ವಾಕ್ ಸ್ವಾತಂತ್ರ್ಯದ ಭಾಗ ಎಂದಿತು. 1885 ಮತ್ತು 1933ರ ಎರಡೂ ಹಳೆಯ ಕಾಯ್ದೆಗಳ ಸ್ಥಾನದಲ್ಲಿ ನಿಲ್ಲಲೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಅಧಿನಿಯಮವನ್ನು ಅಂಗೀಕರಿಸಿತು. ಆದರೆ ಪ್ರೇಷಕದ ವಿಷಯದಲ್ಲಿ ಸಡಿಲಿಕೆ ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಅನುಮತಿಯಿಲ್ಲದೆ ಪ್ರಸಾರ ಮಾಡಿದರೆ ವಿಮಾನ, ಹಡಗು, ಆಂಬುಲೆನ್ಸ್‌ಗಳ ಸಂದೇಶಕ್ಕೆ ಅಡ್ಡಿಯಾಗಬಹುದು. ಕೇಳುವುದು ಯಾರ ಮಾತನ್ನೂ ಕೆಡಿಸುವುದಿಲ್ಲ; ಕೂಗುವುದು ಕೆಡಿಸುತ್ತದೆ.

ಕಿವಿಯಿಂದ ಮಾತಿಗೆ ಬಂದ ಬೀಗ

ಕೇಳಬೇಡಿ ಎಂಬ ಕಾನೂನು ಪೊಲೀಸರ ಗುಟ್ಟನ್ನು ಕಾಪಾಡಿತೇ? ಅದಕ್ಕಿಂತ ಹೆಚ್ಚು ಕಾಪಾಡಿದ್ದು ಭೌತಶಾಸ್ತ್ರ. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರು ಪ್ರಾಧ್ಯಾಪಕ ಡೇನಿಯಲ್ ನೋಬಲ್ ರೂಪಿಸಿದ ಎಫ್.ಎಂ. ವ್ಯವಸ್ಥೆಯನ್ನು ಬಳಸತೊಡಗಿದರು. ಮೇಲಿನ ಆವೃತ್ತಿಗಳಿಗೆ ಏರಿದಂತೆ ತರಂಗಗಳು ರಾತ್ರಿ ಹೊತ್ತು ಬಾಗಿ ದೂರ ಹೋಗುವುದು ಕಡಿಮೆಯಾಯಿತು, ಡಯಲಿನ ತುದಿಯಲ್ಲಿ ಕೇಳಿಸುವುದೂ ನಿಂತಿತು. ಆದರೆ ಹಿಂದೆಯೇ ಹಲವು ಆವೃತ್ತಿಗಳನ್ನು ತಾನಾಗಿ ಹುಡುಕುವ ‘ಸ್ಕ್ಯಾನರ್’ಗಳು ಬಂದವು.

ಇದೇ ಕಥೆ ಮೊಬೈಲ್ ಫೋನಿನಲ್ಲೂ ಮರುಕಳಿಸಿತು. ಮೊದಲ ತಲೆಮಾರಿನ ಮೊಬೈಲ್ ಮಾತು ಸಾದಾ ರೇಡಿಯೋ ಮಾತಿನಂತೆ ಬಯಲಲ್ಲೇ ಹೋಗುತ್ತಿತ್ತು. ಅಮೆರಿಕ 1986ರಲ್ಲಿ ಅದನ್ನು ಕದ್ದು ಕೇಳುವುದನ್ನು ನಿಷೇಧಿಸಿತು, 1994ರಿಂದ ಅಂತಹ ಸ್ಕ್ಯಾನರ್‌ಗಳ ತಯಾರಿಕೆಯನ್ನೂ ತಡೆಯಿತು. ಕೊನೆಗೆ ಸಮಸ್ಯೆ ಬಗೆಹರಿದದ್ದು ಮಾತನ್ನು ಅಂಕಿಗಳಾಗಿ ಬದಲಿಸಿ ಗೂಢಲಿಪಿಯಲ್ಲಿ ಕಳುಹಿಸುವ ತಂತ್ರ ಬಂದ ಮೇಲೆಯೇ. ಬೀಗವನ್ನು ಕೇಳುವವನ ಕಿವಿಗಲ್ಲ, ಕಳುಹಿಸುವವನ ಮಾತಿಗೇ ಹಾಕಲಾಯಿತು.

ಆದರೆ ಬೀಗ ಹಾಕಿದ ಮಾತು ಕಳ್ಳನಿಗೆ ಕೇಳಿಸದಂತೆ ಸಜ್ಜನನಿಗೂ ಕೇಳಿಸದು. 2023ರಿಂದ ನ್ಯೂಯಾರ್ಕ್ ನಗರದ ಪೊಲೀಸರು ತಮ್ಮ ರೇಡಿಯೋ ಮಾತನ್ನು ಹಂತ ಹಂತವಾಗಿ ಗೂಢಲಿಪಿಗೆ ಬದಲಿಸತೊಡಗಿದಾಗ ಪತ್ರಕರ್ತರು ಆಕ್ಷೇಪಿಸಿದರು. ಬೆಂಕಿ, ಅಪಘಾತ, ಗೋಲಿಬಾರ್‌ಗಳ ಸುದ್ದಿ ಪೊಲೀಸರು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ ಎಂಬಂತಾಗುತ್ತದೆ ಎಂಬುದು ಅವರ ಆತಂಕ. ಪೊಲೀಸರ ಸುರಕ್ಷತೆಯೂ ಬೇಕು, ಜನರಿಗೆ ತಿಳಿಯುವ ಹಕ್ಕೂ ಬೇಕು. ನೂರು ವರ್ಷಗಳ ಹಿಂದಿನ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ತೆಗೆಯಬೇಡಿ ಎನ್ನುವ ಕಾಲ

ಕಾರು ರೇಡಿಯೋದ ಕಥೆಗೆ ಈಚೆಗೆ ಒಂದು ಹೊಸ ತಿರುವು ಸಿಕ್ಕಿದೆ. ವಿದ್ಯುತ್ ಕಾರುಗಳಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಆದರೆ ಮೋಟಾರಿಗೆ ವಿದ್ಯುತ್ ಹದಗೊಳಿಸಿ ಕೊಡುವ ಸರ್ಕೀಟುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ. ಅವುಗಳ ಗದ್ದಲ ಮಧ್ಯಮ ತರಂಗದ ಪಟ್ಟಿಗೆ ನುಗ್ಗುತ್ತದೆ. ಗದ್ದಲ ತಡೆಯುವ ಖರ್ಚಿನ ಗೋಜೇ ಬೇಡವೆಂದು ಕೆಲವು ತಯಾರಕರು ಮಧ್ಯಮ ತರಂಗದ ರೇಡಿಯೋವನ್ನೇ ಕೈಬಿಟ್ಟರು. ತುರ್ತು ಸಮಯದಲ್ಲಿ ದೂರದ ಹಳ್ಳಿಗಳಿಗೂ ಎಚ್ಚರಿಕೆ ತಲುಪಿಸುವ ಸಾಧನ ಇದಾದ್ದರಿಂದ, ಪ್ರತಿ ಹೊಸ ಕಾರಿನಲ್ಲೂ ಇದು ಕಡ್ಡಾಯವಾಗಿರಬೇಕು ಎಂಬ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ಕಾರಿನಿಂದ ರೇಡಿಯೋ ತೆಗೆಯಿರಿ ಎಂಬ ಕೂಗು ಎದ್ದಿದ್ದ ದೇಶದಲ್ಲೇ ಈಗ ತೆಗೆಯಬೇಡಿ ಎಂಬ ಕೂಗು! ನಮ್ಮಲ್ಲಿ ಆಕಾಶವಾಣಿ ಮಧ್ಯಮ ತರಂಗದಲ್ಲಿ ಡಿಜಿಟಲ್ ಪ್ರಸಾರವನ್ನೂ ನಡೆಸುತ್ತಿದ್ದು, ಅದನ್ನು ಹಿಡಿಯಬಲ್ಲ ರೇಡಿಯೋ ಲಕ್ಷಾಂತರ ಭಾರತೀಯ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬಂದಿದೆ. ಎಷ್ಟೋ ಮಾಲೀಕರಿಗೆ ಅದರ ಅರಿವಿಲ್ಲದಿರಬಹುದು.

ಈ ವಿಷಯವನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಮಧ್ಯಮ ತರಂಗವಿರುವ ಸಣ್ಣ ರೇಡಿಯೋವೊಂದನ್ನು ಹಚ್ಚಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಿ. ಕೇಂದ್ರದ ಧ್ವನಿ ಕುಗ್ಗುತ್ತದೆ ಅಥವಾ ಮಾಯವಾಗುತ್ತದೆ. ಲೋಹದ ಗೋಡೆ ತರಂಗವನ್ನು ಒಳಗೆ ಬಿಡದು. ಕಾರಿನ ಆಂಟೆನಾ ಹೊರಗಿರುವುದು ಇದಕ್ಕೇ. ಅದೇ ರೇಡಿಯೋವನ್ನು ಎಲ್‌ಇಡಿ ದೀಪದ ಬಳಿ, ಮೊಬೈಲ್ ಚಾರ್ಜರ್ ಬಳಿ ಹಿಡಿದು ಕೇಳಿ. ಯಾವುದು ಹೆಚ್ಚು ಗದ್ದಲ ಮಾಡುತ್ತದೆಂದು ಪಟ್ಟಿ ಮಾಡಿ.

ಕೇಳುವುದರಿಂದ ಮಾತನಾಡುವುದಕ್ಕೆ ಮುಂದುವರಿಯುವ ಆಸೆಯಿದ್ದರೆ ಅದಕ್ಕೂ ಕಾನೂನುಬದ್ಧ ದಾರಿಯಿದೆ. ಹನ್ನೆರಡು ವರ್ಷ ತುಂಬಿದ ಭಾರತೀಯ ಪ್ರಜೆ ಕೇಂದ್ರ ಸರ್ಕಾರದ ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕೂರಬಹುದು. ಹೈಸ್ಕೂಲಿನ ವಿದ್ಯುತ್ ಮತ್ತು ಕಾಂತತ್ವದ ಪಾಠ ಚೆನ್ನಾಗಿ ತಿಳಿದಿದ್ದು, ರೇಡಿಯೋ ಶಿಸ್ತಿನ ನಿಯಮಗಳನ್ನು ಓದಿಕೊಂಡರೆ ಪರೀಕ್ಷೆ ಕಬ್ಬಿಣದ ಕಡಲೆಯೇನಲ್ಲ. ಮಗ ಅಥವಾ ಮಗಳು ಹಳೆಯ ರೇಡಿಯೋ ಬಿಚ್ಚಿ ಕುಳಿತರೆ ತಾಯಿತಂದೆಯರು ಗದರಿಸುವ ಮುನ್ನ ಇದನ್ನೊಮ್ಮೆ ನೆನೆಯಬೇಕು. ಪ್ಲಗ್ಗನ್ನು ಗೋಡೆಯಿಂದ ತೆಗೆದಿದ್ದಾರೆಯೇ ಎಂದು ಮಾತ್ರ ಖಂಡಿತ ನೋಡಿಕೊಳ್ಳಬೇಕು.